ನಾವೇ ಕರೆಯುತ್ತೇವೆ

ಅವಳಿಗೆ ಛೀ ಅಕ್ಕ ಎಂದು ಹೆಸರಿಟ್ಟವನು ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಮ್ಮ. ಹಾಲಿನ ಮೇಲೆ ಕೆನೆ ಕಟ್ಟಿದರೆ ಛೀ, ಸೋಪಿಗೆ ಕೂದಲು ಅಂಟಿದ್ದರೆ ಛೀ, ಬಸ್ಸಿನಲ್ಲಿ ಮುಂದಿನ ಸೀಟಿನವನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿದ್ದರೆ ಛೀ. ಬೇರೆಯವರಿಗೆ ಮಾತಿನ ನಡುವೆ ಉಸಿರು ಬೇಕಾಗುತ್ತದೆ, ಇವಳಿಗೆ ಛೀ ಬೇಕಾಗುತ್ತಿತ್ತು. ಮದುವೆಯಾದ ಹೊಸತರಲ್ಲಿ ತಮ್ಮ ಈ ಹೆಸರನ್ನು ಭಾವನ ಕಿವಿಗೆ ಊದಿದ. ಲಿಫ್ಟ್ ರಿಪೇರಿ ಮಾಡುವ ಭಾವ ನಗುನಗುತ್ತಾ ಅದನ್ನು ತನ್ನ ತಾಯಿಗೆ ಹೇಳಿದ. ಅಲ್ಲಿಂದ ಅದು ಹೇಗೋ ಅವಳು ಕೆಲಸ ಮಾಡುವ ಕ್ಲಿನಿಕ್ಕಿಗೂ ಬಂದು ಸೇರಿತು.

ಇಂಥವಳಿಗೆ ಸಿಕ್ಕಿದ ಕೆಲಸವಾದರೂ ಎಂಥದು. ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನ ಪಕ್ಕ ನಿಂತು, ರೋಗಿಯ ಬಾಯೊಳಗೆ ನಳಿಕೆ ಹಿಡಿದು ಎಂಜಲು ಎಳೆಯುವ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿಗಳೇ ಬಾಯಿಗಳು. ಹೊಗೆಸೊಪ್ಪಿನ ಕಪ್ಪು ಹಿಡಿದ ಬಾಯಿ, ಬೆಳಿಗ್ಗೆ ತಿಂದದ್ದನ್ನು ಇನ್ನೂ ಸಂದಿಯಲ್ಲಿ ಇಟ್ಟುಕೊಂಡು ಬರುವ ಬಾಯಿ, ಚುಚ್ಚುಮದ್ದು ಕೊಟ್ಟ ಮೇಲೆ ಜೋತುಬಿದ್ದು ಜೊಲ್ಲು ಸುರಿಸುವ ಬಾಯಿ. ಇವೆಲ್ಲವನ್ನೂ ಅವಳು ಮಾಸ್ಕಿನ ಹಿಂದೆ ಹೇಗೋ ಸಹಿಸಿಕೊಂಡಿದ್ದಳು. ಸಹಿಸಲಾಗದೇ ಇದ್ದದ್ದು ಸಂಜೆಯ ಒಂದು ಕೆಲಸ. ಉಗುಳುವ ಬೇಸಿನ್ನಿನ ಕೆಳಗೆ ಒಂದು ಸಣ್ಣ ಜಾಲರಿ ಇರುತ್ತದೆ. ಇಡೀ ದಿನ ಆ ಬಾಯಿಗಳಿಂದ ಬಂದದ್ದೆಲ್ಲ, ಹಲ್ಲಿನ ಚೂರು, ರಕ್ತದ ಹೆಪ್ಪು, ಹತ್ತಿಯ ಉಂಡೆ, ಅಲ್ಲಿ ಬಂದು ಕೂರುತ್ತದೆ. ಅದನ್ನು ಬಿಚ್ಚಿ, ಬಡಿದು, ತೊಳೆದು ಮತ್ತೆ ಹಾಕಬೇಕು. ಎಷ್ಟು ವರ್ಷ ಮಾಡಿದರೂ ಆ ಹೊತ್ತಿಗೆ ಅವಳ ಹೊಟ್ಟೆ ತೊಳಸುವುದು ನಿಲ್ಲಲಿಲ್ಲ. ಮನೆಗೆ ಬಂದು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡರೂ ಊಟದ ತಟ್ಟೆಯ ಮುಂದೆ ಕೂತಾಗ ಆ ಜಾಲರಿ ಕಣ್ಣ ಮುಂದೆ ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಫೋನಿನಲ್ಲಿ ಒಂದು ವಿಡಿಯೋ ನೋಡಿದಳು. ಬೆಳ್ಳಗಿನ ಗೋಡೆ, ಖಾಲಿ ಮೇಜು, ಅದರ ಮೇಲೆ ಒಂದು ಲ್ಯಾಪ್‌ಟಾಪ್. ಅವಳದೇ ವಯಸ್ಸಿನ ಹೆಂಗಸೊಬ್ಬಳು ಕೂತು ಟೈಪು ಮಾಡುತ್ತಾ, ದಿನಾ ಒಂದೊಂದು ಸಣ್ಣ ವೆಬ್ ಪುಟ ಮಾಡಿ ಮಾಡಿ ಈ ಕೆಲಸ ಕಲಿತೆ ಎಂದು ಹೇಳುತ್ತಿದ್ದಳು. ಛೀ ಅಕ್ಕ ಕೇಳಿಸಿಕೊಂಡದ್ದು ಕಡಿಮೆ, ನೋಡಿದ್ದು ಹೆಚ್ಚು. ಆ ಕೋಣೆಯಲ್ಲಿ ಒದ್ದೆ ಎನ್ನುವುದೇ ಇರಲಿಲ್ಲ. ಕಂಪ್ಯೂಟರಿನ ಕೋಡ್‌ಗೆ ವಾಸನೆ ಇಲ್ಲ, ಅದು ಯಾರ ಕೈಗೂ ಅಂಟುವುದಿಲ್ಲ, ಅಲ್ಲಿ ಯಾರೂ ನಿಮ್ಮ ಮುಖದ ಹತ್ತಿರ ಬಂದು ಬಾಯಿ ತೆರೆಯುವುದಿಲ್ಲ. ಆ ವಾರವೇ ಅವಳು ತಮ್ಮನ ಹಳೆಯ ಲ್ಯಾಪ್‌ಟಾಪನ್ನು ಮನೆಗೆ ತಂದಳು. ಕೀಲಿಗಳ ಸಂದಿಯಲ್ಲಿದ್ದ ತಿಂಡಿಯ ಪುಡಿಯನ್ನು ಹಲ್ಲಿನ ಬ್ರಷ್ಷಿನಿಂದ ತೆಗೆಯುವಷ್ಟರಲ್ಲಿ ತಮ್ಮನ ಏಳು ತಲೆಮಾರಿಗೂ ಛೀ ಹೇಳಿ ಮುಗಿಸಿದ್ದಳು.

ಕಲಿಸುವುದಕ್ಕೆ ಒಂದು ಗುಂಪು ಸಿಕ್ಕಿತು, ಫೋನಿನಲ್ಲೇ. ಅದರ ಹೆಸರು 'ದಿನಕ್ಕೊಂದು ಪುಟ'. ನಡೆಸುವವನು ಕಾಲೇಜು ಮುಗಿಸಿ ಬಹಳ ದಿನವಾಗದ ಒಬ್ಬ ಯುವಕ, ಎಲ್ಲರಿಗೂ ಅವನು ಮೇಷ್ಟ್ರು. ಮೇಷ್ಟ್ರು ಬೆಳಿಗ್ಗೆ ಒಂದು ಅಭ್ಯಾಸ ಕೊಡುತ್ತಿದ್ದರು, ಸಂಜೆಯೊಳಗೆ ಮಾಡಿ, ಅದನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ತೆರೆದು ನೋಡುವಂತೆ ಏರಿಸಿ, ಲಿಂಕನ್ನು ಗುಂಪಿಗೆ ಹಾಕಬೇಕು. ಮೊದಲು ಬಣ್ಣ ಬದಲಾಯಿಸುವ ಒಂದು ಬಟನ್. ಆಮೇಲೆ ಒಂದು ಗಡಿಯಾರ. ಆಮೇಲೆ ಹುಟ್ಟಿದ ದಿನ ಕೊಟ್ಟರೆ ವಯಸ್ಸು ಹೇಳುವ ಪುಟ. ಅವಳ ಮೊದಲ ಬಟನ್ ಪುಟದ ಮಧ್ಯಕ್ಕೆ ಬರಲು ಸುತರಾಂ ಒಪ್ಪಲಿಲ್ಲ, ಮೂಲೆಯಲ್ಲೇ ಮುನಿಸಿಕೊಂಡು ಕೂತಿತು. ಕೋಡ್‌ನಲ್ಲಿ ಎಲ್ಲೋ ಒಂದು ಆವರಣ ಚಿಹ್ನೆ ಮುಚ್ಚುವುದು ಮರೆತದ್ದಕ್ಕೆ ಗಡಿಯಾರ ಎರಡು ಸಂಜೆ ಸತ್ತು ಬಿದ್ದಿತ್ತು. ಆದರೂ ಅವಳು ಬಿಡಲಿಲ್ಲ. ಊಟದ ಮೇಜಿನ ಒಂದು ತುದಿಯನ್ನು ಒರೆಸಿ ಒರೆಸಿ ತನ್ನದು ಮಾಡಿಕೊಂಡು, ಕ್ಲಿನಿಕ್ಕಿನಿಂದ ಬಂದು ಅಡುಗೆ ಮುಗಿಸಿದ ಮೇಲೆ ಅಲ್ಲಿ ಕೂರುತ್ತಿದ್ದಳು.

ಅವಳ ಅಸಹ್ಯವೇ ಇಲ್ಲಿ ಅವಳ ಕೈ ಹಿಡಿಯಿತು ಎನ್ನಬೇಕು. ಒಂದು ಗೆರೆ ಕೂದಲೆಳೆಯಷ್ಟು ಓರೆಯಾದರೆ ಅವಳಿಗೆ ಮೈ ಉರಿಯುತ್ತಿತ್ತು. ಪುಟದಲ್ಲಿನ ಎರಡು ಡಬ್ಬಿಗಳ ನಡುವಿನ ಜಾಗ ಮೇಲೊಂದು ಕೆಳಗೊಂದು ಥರ ಇದ್ದರೆ ಹಲ್ಲಿನ ಸಂದಿ ನೋಡಿದ ಹಾಗಾಗುತ್ತಿತ್ತು. ತಿದ್ದದೆ ಎದ್ದೇಳಲು ಆಗುತ್ತಲೇ ಇರಲಿಲ್ಲ. ಗುಂಪಿನ ಬೇರೆಯವರಿಗೆ ಆ ಕಾಟವೇನೂ ಇರಲಿಲ್ಲ. ಎಲ್ಲರದೂ ಅದೇ ನೇರಳೆ ಬಣ್ಣ, ಅದೇ ವಿಡಿಯೋ ನೋಡಿ ಇಳಿಸಿದ ಅದೇ ಗುಂಡು ಮೂಲೆಯ ಡಬ್ಬಿ, ಮಾಡಬೇಕಾದ ಕೆಲಸಗಳ ಪುಟದಲ್ಲಿ ಎಲ್ಲರಿಗೂ ಹಾಲು ತರುವುದೇ ಮೊದಲ ಕೆಲಸ. ಒಬ್ಬ ಎಂಜಲು ಮಾಡಿ ಬಿಟ್ಟದ್ದನ್ನು ಇನ್ನೊಬ್ಬ ನೆಕ್ಕಿ, ಅದರ ಕೆಳಗೆ ಮೂರನೆಯವನು ಚಪ್ಪಾಳೆ ತಟ್ಟುವ ಕೈಯ ಚಿತ್ರ ಹಾಕುವುದು. ಸೂಪರ್, ಬೆಂಕಿ, ಹೀಗೇ ಮುಂದುವರಿಸಿ. ಅದನ್ನೆಲ್ಲ ನೋಡಿ ಅವಳಿಗೆ ಆ ಜಾಲರಿಯೇ ನೆನಪಾಗುತ್ತಿತ್ತು. ಆದರೂ ಅವಳೂ ಎಲ್ಲರಿಗೂ ಚಪ್ಪಾಳೆ ಹಾಕುತ್ತಿದ್ದಳು, ಹಾಕದವರಿಗೆ ಯಾರೂ ಹಾಕುವುದಿಲ್ಲವಲ್ಲ.

ಇನ್ನು ಮನೆಯಲ್ಲಿ ಒಂದು ಬಾಯಿ ಇತ್ತು. ಅತ್ತೆಯದು. ಅತ್ತೆಗೆ ಮೇಲೆ ಕೆಳಗೆ ಎರಡೂ ಕಟ್ಟಿಸಿದ ಹಲ್ಲು. ಮಲಗುವಾಗ ತೆಗೆದು ಒಂದು ಸ್ಟೀಲ್ ಲೋಟದ ನೀರಿನಲ್ಲಿ ಹಾಕಿ ಬಚ್ಚಲಿನ ಕಟ್ಟೆಯ ಮೇಲೆ ಇಡುತ್ತಿದ್ದರು. ಒಂದು ಬೆಳಿಗ್ಗೆ ಇವಳು ನಿದ್ದೆಗಣ್ಣಿನಲ್ಲಿ ಮುಖ ತೊಳೆಯಲು ಹೋಗಿ ಆ ಲೋಟಕ್ಕೇ ಕೈ ಹಾಕಿಬಿಟ್ಟಳು. "ಛೀ ಅತ್ತೆ, ಇಡೀ ದಿನ ಊರವರ ಹಲ್ಲು ನೋಡಿ ಬರ್ತೀನಿ, ಮನೇಲೂ ಇದೇ ನೋಡ್ಬೇಕಾ? ಕಣ್ಣಿಗೆ ಬೀಳದ ಹಾಗೆ ಎಲ್ಲಾದ್ರೂ ಇಡಬಾರ್ದಾ?" ಎಂದಳು. ಅತ್ತೆ ಮೊದಲು ಲೋಟಕ್ಕೆ ಒಂದು ತಟ್ಟೆ ಮುಚ್ಚಿದರು, ಆಮೇಲೆ ಲೋಟವೇ ಬಚ್ಚಲಿನಿಂದ ಮಾಯವಾಗಿ ಅವರ ಮಂಚದ ಕೆಳಗೆ ಹೋಯಿತು. ಸ್ವಲ್ಪ ದಿನದಲ್ಲಿ ಅತ್ತೆ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟರು. ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ನಿಂತು, ಅನ್ನವನ್ನು ಗಂಜಿಯ ಹಾಗೆ ಕಲಸಿ, ಬೆನ್ನು ತಿರುಗಿಸಿಕೊಂಡು ನುಂಗುತ್ತಿದ್ದರು. "ಏನು ಅತ್ತೆ, ಹಲ್ಲು ಕಟ್ಟಿಸಿರೋದು ಯಾಕೆ ಮತ್ತೆ?" ಎಂದು ಇವಳು ಒಮ್ಮೆ ಕೇಳಿದ್ದಕ್ಕೆ, "ವಯಸ್ಸಾಯ್ತಲ್ಲ" ಎಂದರು. ಇವಳಿಗೆ ಒಳಗೊಳಗೇ ಸಮಾಧಾನವಾಯಿತು, ಊಟದ ಹೊತ್ತಿಗೆ ಆ ಹಲ್ಲಿನ ಟಕಟಕ ಸದ್ದು ಕೇಳುವುದು ತಪ್ಪಿತಲ್ಲ ಎಂದು. ಬಾಯಿ ನೋಡುವುದೇ ಹೊಟ್ಟೆಪಾಡಾಗಿದ್ದವಳಿಗೆ ಇದರ ಹಿಂದೆ ಏನೋ ನೋವಿದೆ ಎಂದು ತಿಳಿಯಲಿಲ್ಲವೆಂದರೆ ಯಾರೂ ನಂಬಲಾರರು, ಆದರೆ ನೋಡಬಾರದೆಂದು ಹಟ ಹಿಡಿದವರಿಗೆ ಯಾವುದೂ ಕಾಣುವುದಿಲ್ಲ.

ಒಂದು ಬೆಳಿಗ್ಗೆ ಮೇಷ್ಟ್ರು ಕೊಟ್ಟ ಅಭ್ಯಾಸ ಹೀಗಿತ್ತು: ಯಾವುದಾದರೂ ಡಾಕ್ಟರನ್ನು ನೋಡಲು ಸಮಯ ಕಾದಿರಿಸುವ ಒಂದು ಫಾರ್ಮ್. ಹೆಸರು, ಫೋನ್ ನಂಬರು, ದಿನ, ಹೊತ್ತು. ಕೆಳಗೆ ಒಂದು ಬಟನ್.

"ಒತ್ತಿದ ಮೇಲೆ ಅವರು ಬರೆದದ್ದು ಎಲ್ಲಿಗೆ ಹೋಗ್ಬೇಕು ಮೇಷ್ಟ್ರೇ?" ಎಂದು ಇವಳು ಗುಂಪಿನಲ್ಲಿ ಕೇಳಿದಳು.

"ಸದ್ಯಕ್ಕೆ ಎಲ್ಲಿಗೂ ಬೇಡ. ಹಿಂದುಗಡೆ ಕೆಲಸ ಆಮೇಲೆ ನೋಡೋಣ. ಮುಂದುಗಡೆ ಚೆನ್ನಾಗಿ ಕಾಣ್ಸಿದ್ರೆ ಸಾಕು" ಎಂದರು ಮೇಷ್ಟ್ರು.

ಎಲ್ಲರೂ ಬಾಯಿಗೆ ಬಂದ ಹೆಸರಿನ ಸುಳ್ಳು ಆಸ್ಪತ್ರೆಗಳನ್ನು ಕಟ್ಟಿದರು, ಅವುಗಳಲ್ಲಿ ಇಂಟರ್ನೆಟ್ಟಿನಿಂದ ತೆಗೆದ ಹಲ್ಲುಕಿರಿಯುವ ಡಾಕ್ಟರುಗಳನ್ನು ಕೂರಿಸಿದರು. ಇವಳಿಗೆ ಅದನ್ನು ಸಹಿಸಲಾಗಲಿಲ್ಲ. ಸುಳ್ಳು ಹೆಸರೆಂದರೆ ಛೀ. ತನ್ನ ಕ್ಲಿನಿಕ್ಕಿನ ನಿಜವಾದ ಹೆಸರು ಹಾಕಿದಳು. ನಿಜವಾದ ವಿಳಾಸ, ಬಾಗಿಲು ತೆರೆಯುವ ನಿಜವಾದ ಹೊತ್ತು. ಡಾಕ್ಟರಮ್ಮ ಊಟಕ್ಕೆ ಹೋಗಿದ್ದಾಗ ಕುರ್ಚಿ ಒರೆಸಿ, ದೀಪ ಹಾಕಿ, ಫೋಟೋ ತೆಗೆದು ಅದನ್ನೂ ಹಾಕಿದಳು. ಬಟನ್ ಒತ್ತಿದರೆ ಒಂದು ಹಸಿರು ಗುರುತು ಮೆಲ್ಲಗೆ ಮೇಲೇಳುವಂತೆ ಮಾಡಿದಳು. ಅದರ ಕೆಳಗೆ ಏನು ಬರೆಯುವುದು ಎಂದು ಯೋಚಿಸುವಾಗ ಅವಳಿಗೆ ಕ್ಲಿನಿಕ್ಕಿನ ಮುಂದಿನ ಮೇಜಿಗೆ ಜೋತುಬಿದ್ದು, ನನ್ನ ಸರದಿ ಬಂತಾ, ನನ್ನ ಸರದಿ ಬಂತಾ ಎಂದು ಉಸಿರು ಬಿಡುವ ಜನ ನೆನಪಾದರು. ಹೀಗೆ ಬರೆದಳು: 'ನಿಮ್ಮ ಸಮಯ ಖಾತ್ರಿಯಾಗಿದೆ. ಬಂದು ಬೆಂಚಿನ ಮೇಲೆ ಕುಳಿತುಕೊಳ್ಳಿ. ಮೇಜಿನ ಹತ್ತಿರ ಬಂದು ಕೇಳುವ ಅಗತ್ಯವಿಲ್ಲ, ನಾವೇ ಕರೆಯುತ್ತೇವೆ.'

ಆ ಹಸಿರು ಗುರುತು ಎದ್ದ ಮರುಕ್ಷಣ, ಬರೆದವರ ಹೆಸರು, ನಂಬರು, ದಿನ ಎಲ್ಲವೂ ಗಾಳಿಯಲ್ಲಿ ಕರಗುತ್ತಿತ್ತು. ಯಾರಿಗೂ ಹೋಗುತ್ತಿರಲಿಲ್ಲ, ಎಲ್ಲೂ ಉಳಿಯುತ್ತಿರಲಿಲ್ಲ. ಗುಂಪಿನವರು ಆ ಪುಟವನ್ನು ಹೊಗಳಿ ಅಟ್ಟಕ್ಕೇರಿಸಿದರು. ಮರುದಿನ ಬೇರೆ ಅಭ್ಯಾಸ ಬಂತು. ಅವಳು ಆ ಪುಟವನ್ನು ಹಾಗೇ ಬಿಟ್ಟು ಮುಂದಕ್ಕೆ ಹೋದಳು. ಒರೆಸದೆ ಯಾವುದನ್ನೂ ಬಿಡದವಳು ಅದೊಂದನ್ನು ಮಾತ್ರ ಬಿಟ್ಟಳು.

ಕೆಲವು ತಿಂಗಳಾದ ಮೇಲೆ ಮೇಷ್ಟ್ರು ಒಂದು ಕೆಲಸದ ಸುದ್ದಿ ತಂದರು. ಆಸ್ಪತ್ರೆಗಳಿಗೆ ವೆಬ್ ಪುಟ ಮಾಡಿಕೊಡುವ ಒಂದು ಕಚೇರಿ, ಹೊಸಬರನ್ನು ತೆಗೆದುಕೊಳ್ಳುತ್ತಾರೆ, ಮಾಡಿದ ಕೆಲಸ ತೋರಿಸಬೇಕು. ಅವಳ ಪುಟಗಳಲ್ಲಿ ಎಲ್ಲಕ್ಕಿಂತ ಚೆಂದದ್ದು ಆ ಕ್ಲಿನಿಕ್ಕಿನ ಪುಟವೇ. "ಇದನ್ನ ಕ್ಲಿನಿಕ್‌ನವರು ಬಳಸ್ತಿದ್ದಾರೆ ಅಂತ ಒಂದು ಸಾಲು ಸೇರ್ಸಿ, ತೂಕ ಬರುತ್ತೆ" ಎಂದು ಮೇಷ್ಟ್ರು ಹೇಳಿಕೊಟ್ಟರು. ಸುಳ್ಳು ಹೆಸರಿಗೆ ಛೀ ಅಂದವಳು ಆ ಸಾಲನ್ನು ಉಗುಳು ನುಂಗಿಕೊಂಡು ಅರ್ಜಿಗೆ ಸೇರಿಸಿದಳು. ಕಚೇರಿಯಿಂದ ಉತ್ತರ ಬಂತು: ಪುಟ ಹಿಡಿಸಿದೆ, ಬಂದು ಮಾತಾಡಿ. ಬೆಳ್ಳಗಿನ ಗೋಡೆ, ಖಾಲಿ ಮೇಜು, ಒದ್ದೆಯಿಲ್ಲದ ಕೋಣೆ ಎಲ್ಲ ಕೈಗೆಟಕುವಷ್ಟು ಹತ್ತಿರ ಬಂದವು. ಆ ಸಂಜೆ ಜಾಲರಿ ತೊಳೆಯುವಾಗ ಅವಳು, ಇನ್ನು ಸ್ವಲ್ಪ ದಿನ ಬಿದ್ದಿರು ಎಂದು ಅದಕ್ಕೆ ಹೇಳಿದಳಂತೆ.

ಇದರ ನಡುವೆ ಕ್ಲಿನಿಕ್ಕಿನಲ್ಲಿ ಒಂದು ಹೊಸ ಪೀಡೆ ಶುರುವಾಗಿತ್ತು. ಆಗೊಮ್ಮೆ ಈಗೊಮ್ಮೆ ಯಾರಾದರೂ ಬಂದು, ನಾನು ಬುಕ್ ಮಾಡಿದ್ದೆ, ಇಷ್ಟು ಹೊತ್ತಿಗೆ ಎಂದು ಬಂದಿತ್ತು ಎನ್ನುತ್ತಿದ್ದರು. ಅಲ್ಲಿ ಬುಕ್ ಮಾಡುವುದೆಂದರೆ ಮುಂದಿನ ಮೇಜಿನ ಹುಡುಗಿಗೆ ಫೋನ್ ಮಾಡುವುದು. ಅವಳ ಹತ್ತಿರ ಅಂಥ ಹೆಸರೇ ಇರುತ್ತಿರಲಿಲ್ಲ. ಕೋಟು ಹಾಕಿದ ಒಬ್ಬ ದೊಡ್ಡ ಮನುಷ್ಯ ಹಾಗೆಂದು ಜಗಳಕ್ಕೆ ನಿಂತಾಗ ಛೀ ಅಕ್ಕ ಒಳಗಿನಿಂದಲೇ, "ಸರದಿ ಮುರಿಯೋಕೆ ಎಂತೆಂಥ ಸುಳ್ಳು ಕಲ್ತಿದ್ದಾರಪ್ಪ ಜನ, ಛೀ" ಎಂದಿದ್ದಳು, ಅವನಿಗೆ ಕೇಳಿಸುವ ಹಾಗೆಯೇ. ತನ್ನ ಪುಟದ ನೆನಪು ಅವಳಿಗೆ ಸುಳಿಯಲೇ ಇಲ್ಲ. ಅವಳ ಮಟ್ಟಿಗೆ ಅದು ಅಭ್ಯಾಸ. ಗುಂಪಿನವರ ಹೊರತು ಅದನ್ನು ಯಾರು ನೋಡುತ್ತಾರೆ? ಆದರೆ ಫೋನಿನಲ್ಲಿ ಕ್ಲಿನಿಕ್ಕಿನ ಹೆಸರು ಹಾಕಿ ಹುಡುಕುವವರಿಗೆ ಅಭ್ಯಾಸ ಯಾವುದು ನಿಜ ಯಾವುದು ಎಂದು ಹೇಳುವವರು ಯಾರೂ ಇರಲಿಲ್ಲ.

ಕಚೇರಿಗೆ ಹೋಗಬೇಕಾದ ದಿನ ಇನ್ನು ನಾಡಿದ್ದು ಎನ್ನುವಾಗ ಬಸ್ ಡ್ರೈವರೊಬ್ಬ ಬಂದ. ಕೆನ್ನೆ ಊದಿ ಒಂದು ಕಣ್ಣು ಅರ್ಧ ಮುಚ್ಚಿಹೋಗಿತ್ತು. ಕುರ್ಚಿಯ ಮೇಲೆ ಮಲಗಿಸಿ ಡಾಕ್ಟರಮ್ಮ ವಸಡಿಗೆ ಚೂರು ಕೊಯ್ದರು, ಕೀವು ಹೊರಟಿತು. ಇವಳು ನಳಿಕೆ ಹಿಡಿದು ಉಸಿರು ಬಿಗಿಹಿಡಿದುಕೊಂಡಳು.

"ಇಷ್ಟು ದಿನ ಏನ್ ಮಾಡ್ತಿದ್ರಿ? ಇದು ಕುತ್ತಿಗೆಗೆ ಇಳಿದಿದ್ರೆ ಏನ್ ಗತಿ?" ಎಂದು ಡಾಕ್ಟರಮ್ಮ ಗದರಿದರು.

ಡ್ರೈವರ್ ಬಾಯಿ ಒರೆಸಿಕೊಂಡು, ತಪ್ಪು ತನ್ನದೇ ಎನ್ನುವ ಹಾಗೆ ಹೇಳಿದ. "ಬಂದಿದ್ದೆ ಡಾಕ್ಟ್ರೇ, ಎರಡು ಸಲ. ಬುಕ್ ಮಾಡ್ಕೊಂಡೇ ಬಂದಿದ್ದೆ. ಹೊರಗಡೆ ಬೆಂಚಿನ ಮೇಲೆ ಕೂತಿದ್ದೆ. ಕರೀಲಿಲ್ಲ. ಡ್ಯೂಟಿ ಹೊತ್ತಾಯ್ತು, ಎದ್ದು ಹೋದೆ."

"ಒಳಗೆ ಬಂದು ಕೇಳೋದಲ್ವಾ?"

"ಕೇಳ್ಬೇಡಿ ಅಂತ ಅದರಲ್ಲೇ ಬರೆದಿತ್ತಲ್ಲ. ನಾವೇ ಕರೀತೀವಿ ಅಂತ. ನನಗಿಂತ ನೋವಿರೋರು ಒಳಗಿರ್ತಾರೆ ಅಂದ್ಕೊಂಡೆ." ಹೀಗೆಂದು ಫೋನ್ ತೆಗೆದು ತೋರಿಸಿದ.

ಅವಳು ಡಾಕ್ಟರಮ್ಮನ ಭುಜದ ಮೇಲಿನಿಂದ ನೋಡಿದಳು. ತಾನೇ ಒರೆಸಿ ಫೋಟೋ ತೆಗೆದ ಕುರ್ಚಿ. ತಾನೇ ಮೆಲ್ಲಗೆ ಮೇಲೇಳುವಂತೆ ಮಾಡಿದ ಹಸಿರು ಗುರುತು. ಕೈಯಲ್ಲಿದ್ದ ನಳಿಕೆಯಲ್ಲಿ ಇನ್ನೂ ಕೀವು ಹರಿಯುತ್ತಿತ್ತು, ಗೊರಗೊರ ಸದ್ದು ಮಾಡುತ್ತಾ. ಆದರೆ ಈ ಸಲ ವಾಕರಿಕೆ ಆ ಮನುಷ್ಯನ ಬಾಯಿಂದ ಬಂದದ್ದಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು.

"ಯಾರೋ ನಮ್ಮ ಹೆಸರು ಕೆಡಿಸೋಕೆ ಮಾಡಿದ್ದಾರೆ. ಎದುರುಗಡೆ ಕ್ಲಿನಿಕ್‌ನವರೇ ಇರ್ಬೇಕು. ಹೇಸಿಗೆ ಜನ" ಎಂದರು ಡಾಕ್ಟರಮ್ಮ. ಅವಳು ಮಾಸ್ಕಿನ ಹಿಂದೆ ತುಟಿ ಕಚ್ಚಿಕೊಂಡು ತಟ್ಟೆ ಎತ್ತಿಕೊಂಡು ಹೋದಳು.

ಸಂಜೆ ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಪುಟ ತೆಗೆದುಹಾಕುತ್ತೇನೆ ಎಂದಳು.

"ತೆಗೆದ್ರೆ ನಾಡಿದ್ದು ಏನ್ ತೋರಿಸ್ತೀರಾ? ಕಚೇರಿಯವರು ಮತ್ತೆ ಮತ್ತೆ ತೆರೆದು ನೋಡ್ತಿರ್ತಾರೆ" ಎಂದರು ಮೇಷ್ಟ್ರು.

"ಇದು ಅಭ್ಯಾಸದ ಪುಟ ಅಂತ ಮೇಲ್ಗಡೆ ಬರೆದುಬಿಡ್ಲಾ?"

"ಕ್ಲಿನಿಕ್‌ನವರು ಬಳಸ್ತಿದ್ದಾರೆ ಅಂತ ನೀವೇ ಬರೆದಿದ್ದೀರಲ್ಲ ಅಕ್ಕ. ನಾಡಿದ್ದು ಮುಗಿಯೋವರೆಗೂ ಸುಮ್ನಿರಿ. ಒಂದು ದಿನದಲ್ಲಿ ಏನಾಗಿಹೋಗುತ್ತೆ?"

ಅವಳು ಹೂಂ ಎಂದಳು. ಆ ಹೂಂ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಅಸಹ್ಯವಾಯಿತು. ಲ್ಯಾಪ್‌ಟಾಪ್ ತೆರೆದಳು, ತೆಗೆದುಹಾಕುವ ಬಟನ್ನಿನ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದಳು, ಮತ್ತೆ ಮುಚ್ಚಿದಳು. ಊಟದ ಮೇಜನ್ನು ಸುಮ್ಮಸುಮ್ಮನೆ ಒರೆಸಿದಳು. ಅಡುಗೆಮನೆಯಲ್ಲಿ ಅತ್ತೆ ಬೆನ್ನು ತಿರುಗಿಸಿಕೊಂಡು ಗಂಜಿ ನುಂಗುತ್ತಿದ್ದರು. ಪ್ರತಿ ತುತ್ತಿಗೂ ಅವರ ಹೆಗಲು ಸ್ವಲ್ಪ ಮೇಲೇಳುವುದು ಕಂಡಿತು. ಕಂಡದ್ದು ಅಷ್ಟೇ, ತಲೆಯೊಳಗೆ ಕಚೇರಿಯೇ ತುಂಬಿತ್ತು.

ಮರುದಿನ ಕ್ಲಿನಿಕ್ ತೆರೆದದ್ದೇ ಅವಳು ಒಂದು ಉಪಾಯ ಮಾಡಿದಳು. ಪುಟ ಇರಲಿ, ಅದನ್ನು ನಂಬಿ ಬಂದವರನ್ನು ತಾನೇ ಹಿಡಿದು ಒಳಗೆ ಕಳಿಸಿದರಾಯಿತು. ಕೆಲಸವೂ ಉಳಿಯುತ್ತದೆ, ಪಾಪವೂ ತಟ್ಟುವುದಿಲ್ಲ. ಹೊರಗೆ ಮೆಟ್ಟಿಲಿನ ಪಕ್ಕ ಉದ್ದದ ಬೆಂಚಿತ್ತು. ಸಾಮಾನ್ಯವಾಗಿ ಅವಳು ಅತ್ತ ತಲೆ ಹಾಕುವವಳಲ್ಲ, ಹಿಂದಿನ ಬಾಗಿಲಿನಿಂದ ಬಂದು ಹಿಂದಿನ ಬಾಗಿಲಿನಿಂದಲೇ ಹೋಗುವವಳು. ಆವತ್ತು ಮಾಸ್ಕು ಗ್ಲೌಸು ಹಾಕಿಕೊಂಡೇ ಹೊರಗೆ ಬಂದು, "ಫೋನಲ್ಲಿ ಬುಕ್ ಮಾಡ್ಕೊಂಡು ಬಂದಿರೋರು ಯಾರಾದ್ರೂ ಇದ್ದೀರಾ?" ಎಂದು ಕೇಳಿದಳು.

ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಂಬದ ಮರೆಯಲ್ಲಿ, ಬೆಂಚಿನ ಕೊನೆಯ ತುದಿಯಲ್ಲಿ ಕೂತಿದ್ದ ಯಾರೋ ಸಣ್ಣಗೆ ಕೈ ಎತ್ತಿದರು. ಮೊದಲು ಕಂಡದ್ದು ಆ ಕೈಯಲ್ಲಿದ್ದ ಬಟ್ಟೆಯ ಚೀಲ. ಅದು ಇವಳ ಮನೆಯದೇ ಚೀಲ. ಅದರ ಹರಿದ ಹಿಡಿಗೆ ಹೋದ ವಾರ ನೀಲಿ ದಾರದಲ್ಲಿ ಹೊಲಿಗೆ ಹಾಕಿದವಳು ಇವಳೇ.

"ಅತ್ತೆ?" ಎಂದಳು.

ಅತ್ತೆ ಎದ್ದು ನಿಂತರು, ಕದ್ದು ಸಿಕ್ಕಿಬಿದ್ದವರ ಹಾಗೆ. "ಮೇಲಿನ ಮನೆಯವಳು ಫೋನಲ್ಲಿ ಹುಡುಕಿಕೊಟ್ಲು ಕಣೇ. ಹೆಸರು ಹಾಕಿಕೊಟ್ಲು. ಹಸಿರು ಗುರುತು ಬಂತು."

"ನಾನಿಲ್ವಾ ಅತ್ತೆ ಮನೇಲಿ? ನನಗೆ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಮನೇಲಿ ಹೇಳಿದ್ರೆ ಮುಖ ಸಿಂಡರಿಸ್ತೀಯಾ. ಇಲ್ಲಾದ್ರೆ ಕೆಲಸ ಅಂತ ಮಾಡ್ತೀಯಾ ಅಂದ್ಕೊಂಡೆ. ಮುಖಕ್ಕೆ ಮಾಸ್ಕೂ ಇರುತ್ತಲ್ಲ, ನನಗೂ ಕಾಣಲ್ಲ." ಅತ್ತೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಹಿಂದೆಯೂ ಬಂದಿದ್ದೆ. ಬಾಗಿಲು ಹಾಕೋವರೆಗೂ ಕೂತಿದ್ದೆ. ಕರೀಲಿಲ್ಲ. ನೀನು ನನ್ನ ಹೆಸರು ನೋಡಿರ್ತೀಯಾ, ಬೇಡ ಅಂತ ಬಿಟ್ಟಿರ್ತೀಯಾ ಅಂದ್ಕೊಂಡು ಹೋದೆ. ಇವತ್ತು ತಡ್ಕೊಳ್ಳೋಕಾಗ್ಲಿಲ್ಲ, ಮತ್ತೆ ಬಂದೆ."

ತಾನು ಒಳಗೆ ಊರವರ ಎಂಜಲು ಎಳೆಯುತ್ತಾ ನಿಂತಿದ್ದಾಗ, ಒಂದು ಗೋಡೆಯ ಆಚೆ ಈ ಮುದುಕಿ ಕಂಬಕ್ಕೆ ಒರಗಿಕೊಂಡು, ಸೊಸೆ ತನ್ನನ್ನು ಕಂಡು ಅಸಹ್ಯಪಟ್ಟು ಕರೆಯಲಿಲ್ಲ ಎಂದುಕೊಂಡು ಕೂತಿದ್ದರು. ಹಾಗೆಂದುಕೊಂಡೇ ಮನೆಗೆ ಬಂದು ಮಾತಿಲ್ಲದೆ ತರಕಾರಿ ಹೆಚ್ಚಿಕೊಟ್ಟಿದ್ದರು. ಅದು ಸುಳ್ಳು ಎಂದು ಹೇಳುವುದಕ್ಕೆ ಅವಳಿಗೆ ಬಾಯಿ ಬರಲಿಲ್ಲ. ಹೆಸರು ಬಂದಿದ್ದರೆ ತಾನು ಏನು ಮಾಡುತ್ತಿದ್ದೆ ಎನ್ನುವುದು ಅವಳಿಗೂ ಗೊತ್ತಿರಲಿಲ್ಲ.

ಅಲ್ಲೇ ಮೆಟ್ಟಿಲಿನ ಪಕ್ಕ ನಿಂತು ಒಂದು ಗ್ಲೌಸು ಕಿತ್ತು ಫೋನ್ ತೆಗೆದಳು. ಪುಟವನ್ನು ಅಳಿಸಿದಳು. ಖಚಿತವಾಗಿಯೂ ಅಳಿಸಬೇಕೇ ಎಂದು ಅದು ಕೇಳಿತು, ಹೌದು ಒತ್ತಿದಳು. ತಿಂಗಳುಗಟ್ಟಲೆ ಉಳಿದಿದ್ದದ್ದು ಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿ, ಡಾಕ್ಟರಮ್ಮನಿಗೆ ಹೇಳಿದಳು. "ಆ ಪುಟ ಎದುರುಗಡೆಯವರು ಮಾಡಿದ್ದಲ್ಲ ಡಾಕ್ಟ್ರೇ. ನಾನು ಮಾಡಿದ್ದು. ಅಭ್ಯಾಸಕ್ಕೆ ಅಂತ. ನಿನ್ನೆ ಗೊತ್ತಾದ್ಮೇಲೂ ತೆಗೀಲಿಲ್ಲ. ಈಗ ತೆಗೆದೆ. ಇವರು ನಮ್ಮತ್ತೆ."

ಡಾಕ್ಟರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಜಾಲರಿಯಲ್ಲಿ ಸಿಕ್ಕಿದ್ದನ್ನು ನೋಡುವ ಹಾಗೆ. "ನಿನ್ನ ವಿಷಯ ಆಮೇಲೆ ಮಾತಾಡ್ತೀನಿ. ಆ ಡ್ರೈವರ್‌ಗೆ ಈಗಲೇ ಫೋನ್ ಮಾಡಿ ಬಾವು ಇಳಿದಿದ್ಯಾ ಕೇಳ್ತೀನಿ. ಅಷ್ಟರಲ್ಲಿ ಇವರ ಹಲ್ಲು ತೆಗೆಸಿ, ಬಾಯಿ ತೊಳೆಸಿ ಇಡು" ಎಂದು ಹೊರಗೆ ಹೋದರು.

ಅವಳ ಜೇಬಿನಲ್ಲಿ ಫೋನ್ ಗುರ್ ಎಂದಿತು. ಕಚೇರಿಯವರ ಸಂದೇಶ: ನಿಮ್ಮ ಕ್ಲಿನಿಕ್ ಪುಟ ತೆರೆಯುತ್ತಿಲ್ಲ, ಸರಿಮಾಡಿ ತಿಳಿಸಿ. ಓದಿ, ಫೋನನ್ನು ಮುಚ್ಚಿ ಕಪಾಟಿನೊಳಗೆ ಇಟ್ಟಳು. ಹೊಸ ಗ್ಲೌಸು ಹಾಕಿಕೊಂಡಳು. ಒಂದು ಕ್ಷಣ ಯೋಚಿಸಿ ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು.

"ಬಾಯಿ ತೆಗೀರಿ ಅತ್ತೆ."

ಅತ್ತೆ ಅವಳ ಮುಖವನ್ನೇ ನೋಡುತ್ತಾ ಮೆಲ್ಲಗೆ ಬಾಯಿ ತೆರೆದರು. ಕೆಳಗಿನ ಹಲ್ಲಿನ ಕಟ್ಟನ್ನು ಅವಳು ಎರಡು ಬೆರಳಿನಿಂದ ಎತ್ತಿದಳು. ಅಡಿಯಲ್ಲಿ ವಸಡು ಕೊಯ್ದ ಹಾಗೆ ಉದ್ದಕ್ಕೆ ಬಿರಿದಿತ್ತು. ಹುಣ್ಣಿನ ಅಂಚು ಬೆಳ್ಳಗೆ ದಪ್ಪಗಾಗಿತ್ತು, ಕೊಳೆತ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಇದನ್ನು ಇಟ್ಟುಕೊಂಡು ಇವರು ನಿಂತು ಗಂಜಿ ನುಂಗಿದ್ದರು. ತಾನೋ, ಟಕಟಕ ಸದ್ದು ತಪ್ಪಿತಲ್ಲ ಎಂದುಕೊಂಡಿದ್ದಳು.

"ಛೀ" ಎಂದಿತು ಅವಳ ಬಾಯಿ.

ತನಗೇ ಹೇಳಿಕೊಂಡದ್ದು ಅದು. ಹುಟ್ಟಿದಾಗಿನಿಂದ ಮೊದಲ ಸಲ ತನಗೇ ಹೇಳಿಕೊಂಡದ್ದು. ಆದರೆ ಅತ್ತೆಯ ತುಟಿಗಳು ತಟ್ಟನೆ ಮುಚ್ಚಿಕೊಂಡವು, ಕೈ ಬಾಯಿಗೆ ಅಡ್ಡ ಬಂತು.

"ನಿಮಗಲ್ಲ ಅತ್ತೆ. ದೇವರಾಣೆ ನಿಮಗಲ್ಲ."

ಅತ್ತೆ ನಂಬಲಿಲ್ಲ. ಯಾಕೆ ನಂಬಬೇಕು? ಇಷ್ಟು ವರ್ಷದ ಛೀಗಳೆಲ್ಲ ಯಾರಿಗೆ ಬಂದಿದ್ದವು ಎಂದು ಅವರಿಗೆ ಗೊತ್ತಿಲ್ಲವೇ. ಕೈಯನ್ನು ತೆಗೆಯದೆ ಗೋಡೆಯ ಕಡೆ ಮುಖ ತಿರುಗಿಸಿದರು. ಅವಳು ಸ್ಟೂಲು ಎಳೆದುಕೊಂಡು, ಹಲ್ಲಿನ ಕಟ್ಟನ್ನು ಅಂಗೈಯಲ್ಲಿ ಹಾಗೇ ಹಿಡಿದುಕೊಂಡು, ಪಕ್ಕದಲ್ಲಿ ಕೂತಳು. ಪುಟದ ವಿಷಯವೆಲ್ಲ ಹೇಳಿದಳು. ಹಸಿರು ಗುರುತು ತಾನು ಮಾಡಿದ್ದೆಂದೂ, ಬೆಂಚಿನ ಮೇಲೆ ಕೂರಿ ಎಂದು ಬರೆದವಳು ತಾನೆಂದೂ ಹೇಳಿದಳು. ನಾಳೆಯ ಕಚೇರಿಯ ಮಾತನ್ನೂ, ಅದಕ್ಕೋಸ್ಕರ ನಿನ್ನೆ ಪುಟ ಬಿಟ್ಟದ್ದನ್ನೂ ಹೇಳಿದಳು. ಮುಂದಿನ ಮೇಜಿನ ಹುಡುಗಿ ಬಾಗಿಲಲ್ಲಿ ಇಣುಕಿ ನೋಡಿ ಸದ್ದಿಲ್ಲದೆ ಹೋದಳು.

ಅತ್ತೆ ಕೈಯ ಮರೆಯಿಂದಲೇ ಕೇಳಿದರು. ಕೆಳಹಲ್ಲಿಲ್ಲದ ಬಾಯಿಯಲ್ಲಿ ಮಾತು ಹಿಟ್ಟಾಗಿ ಬಂತು.

"ಹಾಗಾದ್ರೆ ಆ ಹಸಿರು ಬಂದಾಗ, ಒಳಗಡೆ ನಿನಗೆ ಗೊತ್ತಾಗ್ತಿರ್ಲಿಲ್ವಾ?"

"ಇಲ್ಲ ಅತ್ತೆ."

"ಈ ಡಾಕ್ಟ್ರಿಗೆ?"

"ಯಾರಿಗೂ ಇಲ್ಲ."

"ಮತ್ತೆ ಕರೀತೀವಿ ಅಂತ ಬರೆದಿದ್ದೆ?"

"ಬರೆದಿದ್ದೆ."

ಅತ್ತೆ ಗೋಡೆಯಿಂದ ಮುಖ ತಿರುಗಿಸಿದರು. ಸೊಸೆಯನ್ನು, ಅವಳ ಕೈಯಲ್ಲಿದ್ದ ತಮ್ಮ ಹಲ್ಲನ್ನು, ಮತ್ತೆ ಸೊಸೆಯನ್ನು ಸಾವಕಾಶವಾಗಿ ನೋಡಿದರು. ಮೂಗಿನ ಹೊಳ್ಳೆ ಅರಳಿತು, ಮುಖ ಸಿಂಡರಿಸಿತು.

"ಛೀ" ಎಂದರು ಅತ್ತೆ, ಹೊಟ್ಟೆಯ ಆಳದಿಂದ.

ಆಮೇಲೆ ಕೈ ತೆಗೆದು ಬಾಯಿ ತೆರೆದರು.